ಶಾಹಿಬಾಗದ ವಸ್ತ್ರಭಂಡಾರ

ಅಹಮದಾಬಾದಿಗೆ ಹೋದ ನಮ್ಮ ಕಡೆಯ ಯಾತ್ರಿಕರು ಸಾಬರಮತಿಯ ಆಶ್ರಮವನ್ನು ಕಂಡು, ಅಲುಗುವ ಮಿನಾರುಗಳ ಕಥೆಯನ್ನು ಕೇಳಿ, ದ್ವಾರಕೆಯ ರೈಲು ಹಿಡಿಯುವುದು ವಾಡಿಕೆ. ಸೊಲ್ಲಾಪುರ ಸೀಮೆಯವರಾದ ನಮಗೆ ಆ ನಗರದಲ್ಲಿ ಇನ್ನೊಂದು ದರ್ಶನವೂ ಆಗಬೇಕಾಗಿತ್ತು. ಅದು ಶಾಹಿಬಾಗದಲ್ಲಿರುವ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯ.

ಆ ಊರಿಗೂ ನಮ್ಮ ಊರಿಗೂ ನೂಲಿನ ನಂಟುಂಟು. ಅಲ್ಲಿ ರಣಛೋಡಲಾಲ ಛೋಟಾಲಾಲರ ಗಿರಣಿ 1861ರಲ್ಲಿ ಚಾಲನೆಗೊಂಡರೆ, ಸೊಲ್ಲಾಪುರದಲ್ಲಿ ಮೊದಲ ಗಿರಣಿ 1877ರಲ್ಲಿ ಆರಂಭವಾಯಿತು. ಭೋಂಗಾದ ಕೂಗಿಗೆ ಎದ್ದು, ಅದರ ಕೂಗಿಗೆ ಉಂಡು ಬಾಳಿದ ಮನೆತನಗಳು ಎರಡೂ ಕಡೆ ಇದ್ದವು. ಈಗ ಆ ಹಳೆಯ ಗಿರಣಿಗಳಲ್ಲಿ ಬಹುಪಾಲು ಮೌನವಾಗಿವೆ.

ಈ ಸಂಗ್ರಹಾಲಯವೂ ಗಿರಣಿಯ ಆವರಣದಲ್ಲಿಯೇ ಹುಟ್ಟಿದ್ದು. ಭಾರತೀಯ ವಸ್ತ್ರಗಳಿಗೆಂದೇ ಒಂದು ಸಂಗ್ರಹಾಲಯ ಬೇಕೆಂಬ ವಿಚಾರವನ್ನು ಕಲಾವಿದ್ವಾಂಸರಾದ ಆನಂದ ಕುಮಾರಸ್ವಾಮಿಯವರು ಗೌತಮ ಸಾರಾಭಾಯಿಯವರ ಮನಸ್ಸಿನಲ್ಲಿ ಬಿತ್ತಿದ್ದರು. ಗೌತಮರು ಮತ್ತು ಅವರ ಸೋದರಿ ಗೀರಾ ಸಾರಾಭಾಯಿಯವರು 1949ರಲ್ಲಿ ಕ್ಯಾಲಿಕೋ ಗಿರಣಿಯಲ್ಲಿ ಅದನ್ನು ಸ್ಥಾಪಿಸಿದರು. ಪಂಡಿತ ನೆಹರೂ ಅವರು ಉದ್ಘಾಟಿಸಿದರು. ಸಂಗ್ರಹವು ಬೆಳೆದಂತೆ ಗಿರಣಿಯ ಜಾಗ ಸಾಲದಾಯಿತು. 1983ರಲ್ಲಿ ಅದನ್ನೆಲ್ಲ ಶಾಹಿಬಾಗದ ಸಾರಾಭಾಯಿ ಮನೆತನದ ತೋಟದ ಬಂಗಲೆಗೆ ಸಾಗಿಸಲಾಯಿತು. ಮುಂದೆ 1990ರ ದಶಕದಲ್ಲಿ ಗಿರಣಿ ಮುಚ್ಚಿಹೋಯಿತು. ಬಟ್ಟೆಯನ್ನು ನೇಯುತ್ತಿದ್ದ ಯಂತ್ರಗಳು ನಿಂತವು. ಸಕಾಲದಲ್ಲಿ ಸ್ಥಳ ಬದಲಿಸಿದ ಹಳೆಯ ಬಟ್ಟೆಗಳು ಉಳಿದವು.

ಮರಗಳ ನೆರಳಿನಲ್ಲಿರುವ ಆ ಆವರಣದಲ್ಲಿ ಬಟ್ಟೆಗಳಷ್ಟೇ ಅಲ್ಲ, ಗೋಡೆಗಳೂ ವಲಸೆ ಬಂದವುಗಳೇ. ಗುಜರಾತದ ಹಳೆಯ ಹವೇಲಿಗಳನ್ನು ಕೆಡವಿದಾಗ ದೊರೆತ ಕೆತ್ತನೆಯ ಮರದ ಮುಖಭಾಗಗಳನ್ನು ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಮೊದಲೇ ಹೆಸರು ನೋಂದಾಯಿಸಿದ್ದ ನಾವು ಚೀಲ, ಫೋನುಗಳನ್ನು ಬಾಗಿಲಲ್ಲಿ ಒಪ್ಪಿಸಿ ಒಳಹೊಕ್ಕೆವು. ಕೋಣೆಗಳಲ್ಲಿ ಮಂದ ಬೆಳಕು. ಬೆಳಕು ಬಣ್ಣವನ್ನು ಕುಡಿಯುತ್ತದೆ, ನೂಲನ್ನು ಸೊರಗಿಸುತ್ತದೆ. ಆದುದರಿಂದ ಇಂತಹ ಬಟ್ಟೆಗಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಸಲ್ಲದೆಂಬುದು ಬಲ್ಲವರ ನಿಯಮ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಮೊಗಲರ ಕಾಲದ ಗುಡಾರ, ದರಬಾರದ ಉಡುಪುಗಳು, ಪಾಟಣದ ಪಟೋಲ, ಶ್ರೀನಾಥಜಿಯ ಹಿನ್ನೆಲೆಗೆ ಕಟ್ಟುವ ಪಿಛವಾಯಿಗಳು ಒಂದೊಂದಾಗಿ ಗೋಚರಿಸಿದವು.

ಕಸೂತಿಯ ರವಿಕೆಯೊಂದರ ಮುಂದೆ ನಮ್ಮೊಡನೆ ಬಂದಿದ್ದ ಹಿರಿಯ ತಾಯಿಯೊಬ್ಬರು ಬಹಳ ಹೊತ್ತು ನಿಂತರು. “ಮಾಸ್ತರ, ಇದನ್ನ ತೊಟ್ಟಾಕಿ ಹೆಸರು ಬರದಾರೇನ್ರಿ?” ಎಂದು ಕೇಳಿದರು. ಪ್ರಾಂತವೂ ಕಾಲವೂ ಅಲ್ಲಿದ್ದವು; ತೊಟ್ಟವಳ ಹೆಸರಾಗಲಿ, ಹೊಲಿದವಳ ಹೆಸರಾಗಲಿ ಇರಲಿಲ್ಲ.

ಹಳೆಯ ಉಡುಪುಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯುವುದು ಸಾಮಾನು ಸಾಗಿಸಿದಂತಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವೂ, ಸರಕಾರವು ಬ್ಲೈತ್ ಹೌಸ್ ಎಂಬ ಕಟ್ಟಡವನ್ನು ಮಾರಲು ನಿರ್ಧರಿಸಿದುದರಿಂದ, ಅಲ್ಲಿದ್ದ ಉಡುಪುಗಳನ್ನೂ ಇತರ ವಸ್ತುಗಳನ್ನೂ ನಗರದ ಪೂರ್ವಭಾಗದ ಹೊಸ ಉಗ್ರಾಣಕ್ಕೆ ಸಾಗಿಸಬೇಕಾಯಿತು. ಎರಡೂವರೆ ಲಕ್ಷ ವಸ್ತುಗಳ ಆ ಉಗ್ರಾಣ 2025ರ ಮೇ 31ರಂದು ಜನರಿಗೆ ತೆರೆಯಿತು.

ಇಂತಹ ಕೆಲಸಕ್ಕೆ ಕ್ರಮವೊಂದಿದೆ. ಮೊದಲು ಪ್ರತಿಯೊಂದು ಬಟ್ಟೆಗೂ ಅಂಕೆ. ಅಂಕೆಯನ್ನು ಹತ್ತಿಯ ಪಟ್ಟಿಯ ಮೇಲೆ ಬರೆದು ಸಡಿಲವಾದ ಹೊಲಿಗೆಯಿಂದ ಸೇರಿಸಬೇಕು. ಗುಂಡುಪಿನ್ನು ಚುಚ್ಚಿದರೆ ತುಕ್ಕು ಹಿಡಿಯುತ್ತದೆ. ಎಲ್ಲಿ ಹರಿದಿದೆ, ಎಲ್ಲಿ ಕಲೆಯಾಗಿದೆ ಎಂಬುದನ್ನು ಬರೆದಿಡಬೇಕು. ಹುಳುವಿನ ಶಂಕೆಯಿದ್ದ ಬಟ್ಟೆಯನ್ನು ಚೀಲದಲ್ಲಿ ಮುಚ್ಚಿ -30 ಡಿಗ್ರಿಯ ಚಳಿಯಲ್ಲಿ ಮೂರು ದಿನ, ಅಷ್ಟು ತಣಿಸಲಾಗದಿದ್ದರೆ -18ರಲ್ಲಿ ಎರಡು ವಾರ ಇಡುತ್ತಾರೆ. ಹೊಸ ಮನೆಗೆ ಹಳೆಯ ಹುಳು ಹೋಗಬಾರದಷ್ಟೆ! ಗಟ್ಟಿಯಾದ ಅಂಗಿಗಳನ್ನು ಮೆತ್ತೆ ಸುತ್ತಿದ ಹ್ಯಾಂಗರಿಗೆ ತೂಗುಹಾಕುವರು. ಜರಿ, ಮಣಿಗಳ ಭಾರವುಳ್ಳವನ್ನು ಅಡ್ಡಲಾಗಿ ಮಲಗಿಸುವರು. ಉದ್ದನೆಯ ವಸ್ತ್ರಗಳನ್ನು ಕೊಳವೆಗೆ ಸುತ್ತುವರು. ಮಡಿಚಲೇಬೇಕಾದಲ್ಲಿ ಆಮ್ಲವಿಲ್ಲದ ತೆಳುಕಾಗದವನ್ನು ಉಂಡೆ ಮಾಡಿ ಮಡಿಕೆಯೊಳಗೆ ಇಡುವರು. ಹಳೆಯ ರೇಷ್ಮೆ ಹರಿಯುವುದು ಮಡಿಕೆಯ ಗೆರೆಯಲ್ಲಿಯೇ. ಇನ್ನು ಕಬ್ಬಿಣದಿಂದ ಮಾಡಿದ ಕಪ್ಪು ಬಣ್ಣವು ಕಾಲಾಂತರದಲ್ಲಿ ತನ್ನನ್ನು ಹೊತ್ತ ನೂಲನ್ನೇ ತಿನ್ನುವುದರಿಂದ ಅಂತಹ ಬಟ್ಟೆಗೆ ಹೆಚ್ಚಿನ ಜೋಪಾನ ಬೇಕು.

ಇಷ್ಟೆಲ್ಲದರಲ್ಲಿ ನಮಗೆ ಮುಖ್ಯವೆನಿಸಿದ್ದು ಆ ಹತ್ತಿಯ ಪಟ್ಟಿ. ಸಾಗಾಟದಲ್ಲಿ ಪಟ್ಟಿ ಕಳಚಿತೆಂದರೆ ಬಟ್ಟೆ ಇದ್ದರೂ ಅದರ ಊರು ಕಳೆಯಿತು. ಊರು ಕಳೆದ ಮೇಲೆ ಅದು ಬರಿಯ ಹಳೆಯ ಅರಿವೆ.

ನಮ್ಮ ಮನೆಗಳಲ್ಲಿಯೂ ಈ ಸ್ಥಳಾಂತರ ನಡೆಯುತ್ತಲೇ ಇದೆ. ಮಾಳಿಗೆಯ ಮನೆ ಬಿಟ್ಟು ಸಿಮೆಂಟಿನ ಮನೆಗೆ ಹೋಗುತ್ತೇವೆ. ಮಕ್ಕಳು ಪುಣೆ, ಮುಂಬಯಿಗಳಲ್ಲಿ ನೆಲೆಸುತ್ತಾರೆ. ಆಗ ಅಜ್ಜಿಯ ಟ್ರಂಕು ಯಾರಿಗೂ ಬೇಡವಾಗುತ್ತದೆ. ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುವವನಿಗೆ ಒಂದು ಸೀರೆ, ಹಳೆ ಅರಿವೆಗೆ ಸ್ಟೀಲಿನ ಪಾತ್ರೆ ಕೊಡುವವಳಿಗೆ ಇನ್ನೆರಡು. ಹೀಗೆ ಇಳಕಲ್ಲ ಸೀರೆಯ ತೋಪತೆನಿ ಸೆರಗು, ಗುಳೇದಗುಡ್ಡದ ಖಣದ ಕುಬಸ, ತೊಟ್ಟಿಲ ಕೂಸಿನ ಕುಂಚಿಗೆ, ಕುಲಾವಿಗಳು ಒಂದೇ ಮಧ್ಯಾಹ್ನದಲ್ಲಿ ಮನೆ ಬಿಟ್ಟು ಹೋಗುತ್ತವೆ. ಅವುಗಳೊಡನೆ ಮಾತೂ ಹೋಗುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಕಸೂತಿಯ ಹೊಲಿಗೆಗಳ ಹೆಸರುಗಳನ್ನು ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ರಾಜ್ಯದ ಗಡಿಯಾಚೆ ಉಳಿದ ನಮಗೆ ಕನ್ನಡವೆಂದರೆ ಪಠ್ಯಪುಸ್ತಕವಷ್ಟೇ ಅಲ್ಲ. ಈ ಹೆಸರುಗಳೂ ಅದೇ ಆಸ್ತಿ.

ಗೃಹಿಣಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಟ್ರಂಕಿನ ಕೆಳಗಿನ ವರ್ತಮಾನಪತ್ರಿಕೆಯನ್ನು ತೆಗೆದುಹಾಕಿರಿ. ಅದರ ಆಮ್ಲ ಬಟ್ಟೆಗೆ ಇಳಿಯುತ್ತದೆ. ಗಂಜಿ ಹೋಗುವಂತೆ ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸೀರೆಯನ್ನು ಸುತ್ತಿರಿ. ನುಸಿಗುಳಿಗೆ ಜರಿಗೆ ತಾಗದಿರಲಿ. ವರ್ಷಕ್ಕೆರಡು ಸಲ ನೆರಳಿನಲ್ಲಿ ಗಾಳಿಯಾಡಿಸಿ, ಮಡಿಕೆಯ ಗೆರೆಯನ್ನು ಬದಲಿಸಿರಿ. ಇದಕ್ಕೂ ಮುಂಚೆ, ಮನೆಯ ಹಿರಿಯರನ್ನು ಹತ್ತಿರ ಕೂಡ್ರಿಸಿಕೊಂಡು, ಇದು ಯಾರ ಸೀರೆ, ಯಾವ ಊರ ಮಗ್ಗದ್ದು, ಯಾರ ಮದುವೆಗೆ ತಂದದ್ದು, ಸೆರಗಿನ ಹೆಸರೇನು ಎಂದು ಕೇಳಿ, ಒಂದು ಗೇಣು ಹತ್ತಿಯ ಪಟ್ಟಿಯ ಮೇಲೆ ಕನ್ನಡದಲ್ಲಿ ಬರೆದು ಹೊಲಿದಿಡಿರಿ. ಶಾಯಿ ಹರಡದಂತೆ ಸೀಸದ ಕಡ್ಡಿಯಿಂದ ಬರೆದರೆ ಒಳ್ಳೆಯದು. ಆ ಅಕ್ಷರವನ್ನು ಮಕ್ಕಳ ಕೈಯಿಂದಲೇ ಬರೆಯಿಸಿರಿ.