ಮುಚ್ಚುವ ಬಟ್ಟೆ, ಕಟ್ಟುವ ಬಟ್ಟೆ

ಆಟದ ಬಯಲಿನಲ್ಲಿ ಬಿದ್ದು ಬಂದ ಮಗುವಿಗೆ ಮನೆಯಲ್ಲಿ ಮಾಡುವ ಉಪಚಾರಕ್ಕೆಲ್ಲ ಇಂದು ಒಂದೇ ಹೆಸರು: ಬ್ಯಾಂಡೇಜು. ಗಾಯದ ಮೇಲಿಟ್ಟ ಬಟ್ಟೆಯೂ ಬ್ಯಾಂಡೇಜು, ಅದರ ಮೇಲೆ ಸುತ್ತಿದ ಪಟ್ಟಿಯೂ ಬ್ಯಾಂಡೇಜು, ಔಷಧದಂಗಡಿಯಿಂದ ತಂದ ಅಂಟುಪಟ್ಟಿಯೂ ಬ್ಯಾಂಡೇಜು. ದಿನದ ಮಾತಿಗೆ ಇಷ್ಟು ಸಾಕು. ಪ್ರಥಮ ಚಿಕಿತ್ಸೆಯ ಪಾಠಕ್ಕೆ ಮಾತ್ರ ಸಾಲದು.

ಇಂಗ್ಲಿಷಿನಲ್ಲಿ ಗಾಯವನ್ನು ನೇರವಾಗಿ ಮುಟ್ಟುವ ಹೊದಿಕೆ ಡ್ರೆಸಿಂಗ್. ರಕ್ತವನ್ನು ಹೀರುವುದು, ಧೂಳನ್ನೂ ರೋಗಾಣುವನ್ನೂ ತಡೆಯುವುದು ಅದರ ಕೆಲಸ. ಆದುದರಿಂದ ಅದು ಪರಿಶುದ್ಧವಾಗಿರಬೇಕು. ಅದನ್ನು ಸರಿಯದಂತೆ ಹಿಡಿದು ನಿಲ್ಲಿಸುವ ಪಟ್ಟಿಯೇ ಬ್ಯಾಂಡೇಜು. ಉಳುಕಿದ ಕಾಲಿನಲ್ಲಿ ಗಾಯವಿಲ್ಲ. ಅಲ್ಲಿ ಡ್ರೆಸಿಂಗ್ ಬೇಡ, ಆಧಾರಕ್ಕೆ ಬ್ಯಾಂಡೇಜು ಮಾತ್ರ ಸಾಕು. ಡ್ರೆಸ್ ಎಂದರೆ ಉಡುಪೆಂದಷ್ಟೇ ತಿಳಿದ ಮಗುವಿಗೆ ಡ್ರೆಸಿಂಗ್ ವಿಚಿತ್ರವಾಗಿ ಕಂಡೀತು. ಅಣಿಗೊಳಿಸು, ಸರಿಪಡಿಸು ಎಂಬುದು ಆ ಪದದ ಹಳೆಯ ಅರ್ಥ. ಬ್ಯಾಂಡೇಜಿನೊಳಗಿನ ‘ಬ್ಯಾಂಡ್’ ಅಂತೂ ಸಂಸ್ಕೃತದ ‘ಬಂಧ’ಕ್ಕೆ ದೂರದ ನಂಟ.

ಈ ಭೇದ ಕೇವಲ ನಿಘಂಟಿನದಲ್ಲ. ಕೈಗೆ ಸುತ್ತಿದ ಪಟ್ಟಿ ಅತಿ ಬಿಗಿಯಾದರೆ ಬೆರಳುಗಳು ಬಾತು, ತಣ್ಣಗಾಗಿ, ನೀಲಿಗಟ್ಟುತ್ತವೆ. ಆಗ ತಡಮಾಡದೆ ಪಟ್ಟಿಯನ್ನು ಸಡಿಲಿಸಬೇಕು. ಕೆಳಗಿನ ಡ್ರೆಸಿಂಗನ್ನು ಕದಲಿಸಬೇಕಾಗಿಲ್ಲ. ‘ಗಾಯವನ್ನು ಬಿಚ್ಚಬೇಡಿ’ ಎಂಬ ಎಚ್ಚರಿಕೆಯನ್ನು ಕೇಳಿ ಬಂದ ತಾಯಿ ಎರಡನ್ನೂ ಒಂದೇ ಎಂದು ತಿಳಿದಿದ್ದರೆ, ಮಗುವಿನ ಬೆರಳು ನೋಡುತ್ತ ರಾತ್ರಿಯೆಲ್ಲ ಕುಳಿತಾಳೇ ಹೊರತು ಗಂಟಿಗೆ ಕೈಹಚ್ಚಲಾರಳು.

ಪ್ಲಾಸ್ಟರ್ ಎಂಬ ಪದದ ತೊಡಕು ಇನ್ನೊಂದು ಬಗೆಯದು. ಬ್ರಿಟನ್ನಿನ ಮಕ್ಕಳ ಕಥೆಯಲ್ಲಿ ಹುಡುಗನ ಮೊಣಕಾಲಿಗೆ ಪ್ಲಾಸ್ಟರ್ ಹಚ್ಚಿದರೆಂದರೆ ಅದು ಸಣ್ಣ ಅಂಟುಪಟ್ಟಿ. ಅದನ್ನೇ ಓದಿದ ಇಲ್ಲಿನ ಮಗು ಹುಡುಗನ ಕಾಲು ಮುರಿಯಿತೆಂದು ಮರುಗುತ್ತದೆ. ಮೂಳೆ ಮುರಿದಾಗ ಹಾಕುವ ಗಟ್ಟಿ ಕಟ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಪ್ಯಾರಿಸ್ ಸುತ್ತಲಿನ ಜಿಪ್ಸಮ್ ಕಲ್ಲನ್ನು ಸುಟ್ಟು ಪುಡಿಮಾಡುತ್ತಿದ್ದುದರಿಂದ ಆ ಹೆಸರು. ಅದರೊಳಗೆ ಬೆರಳು ನೀಲಿಗಟ್ಟಿದರೆ ಮನೆಯಲ್ಲಿ ಸಡಿಲಿಸುವ ಮಾತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬ್ಯಾಂಡ್-ಏಡ್ ವಸ್ತುವಿನ ಹೆಸರೇ ಅಲ್ಲ, ವ್ಯಾಪಾರದ ಗುರುತು. ಅಮೆರಿಕದ ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪೆನಿಯ ನೌಕರ ಅರ್ಲ್ ಡಿಕ್ಸನ್, ಅಡುಗೆಮನೆಯಲ್ಲಿ ಆಗಾಗ ಕೈ ಗಾಯಮಾಡಿಕೊಳ್ಳುತ್ತಿದ್ದ ಪತ್ನಿಗಾಗಿ, 1920ರಲ್ಲಿ ಅಂಟುಪಟ್ಟಿಯ ನಡುವೆ ಗಾಜು ಬಟ್ಟೆಯ ತುಣುಕನ್ನಿಟ್ಟ. ನಡುವಿನ ತುಣುಕು ಡ್ರೆಸಿಂಗ್, ಇಕ್ಕೆಲದ ಅಂಟು ಬ್ಯಾಂಡೇಜು. ಶಿಕ್ಷಕರು ಒಂದು ಪಟ್ಟಿಯನ್ನು ತರಗತಿಯಲ್ಲಿ ಬಿಡಿಸಿ ತೋರಿಸಿದರೆ ಎರಡು ಪದಗಳ ಪಾಠ ಮುಗಿಯುತ್ತದೆ.

ಈ ವಿವೇಕ ಇಂಗ್ಲಿಷಿನೊಂದಿಗೆ ಬಂದದ್ದಲ್ಲ. ಸುಶ್ರುತ ಸಂಹಿತೆ ಗಾಯದೊಳಗಿಡುವ ಔಷಧಲೇಪಿತ ಬಟ್ಟೆಯನ್ನು ವಿಕೇಶಿಕಾ ಎಂದೂ ಮೇಲಿನ ದಪ್ಪ ಮಡಿಕೆಯನ್ನು ಕವಲಿಕಾ ಎಂದೂ ಕರೆದು, ಕಟ್ಟುವ ಬಂಧಗಳಲ್ಲಿ 14 ಬಗೆಗಳನ್ನು ಎಣಿಸುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳು ನೆರೆಮನೆಯಲ್ಲಿ ದಿನವೂ ಕೇಳುವ ಮಲೆಯಾಳದಲ್ಲಿ ಗಾಯದ ಉಪಚಾರಕ್ಕೆ ‘ವೆಚ್ಚುಕೆಟ್ಟು’ ಎನ್ನುತ್ತಾರೆ: ಇಟ್ಟು ಕಟ್ಟುವುದು. ಇಡುವುದು ಡ್ರೆಸಿಂಗ್, ಕಟ್ಟುವುದು ಬ್ಯಾಂಡೇಜು. ಕನ್ನಡದ ‘ಮುಲಾಮು ಹಚ್ಚಿ ಪಟ್ಟಿ ಕಟ್ಟು’ ಎಂಬ ಮಾತಿನಲ್ಲೂ ಎರಡು ಕ್ರಿಯೆಗಳಿವೆ.

ಕನ್ನಡ ಮಾಧ್ಯಮದ ಮಗು ಮುಂದೆ ಶುಶ್ರೂಷೆಯ ವಿದ್ಯೆಗೆ ಹೋದಾಗ ಇಂಗ್ಲಿಷ್ ಪದಗಳಿಗೆ ಹೆದರುವುದೆಂಬ ಆತಂಕ ಹೆತ್ತವರಲ್ಲಿದೆ. ಮನೆಮಾತಿನಲ್ಲಿ ಮುಚ್ಚುವ ಬಟ್ಟೆ ಯಾವುದು, ಕಟ್ಟುವ ಬಟ್ಟೆ ಯಾವುದು ಎಂದು ಬಲ್ಲ ಮಗುವಿಗೆ ಕಲಿಯಲು ಉಳಿಯುವುದು ಎರಡು ಹೆಸರು ಮಾತ್ರ.