ವಿಷಯೆಯ ಕಾಡಿಗೆ

ಚಿಕ್ಕಂದಿನಲ್ಲಿ ನಮ್ಮ ತಾಯಿಯವರು ರಾತ್ರಿಯ ಊಟವಾದ ಮೇಲೆ ಜೈಮಿನಿ ಭಾರತದ ಕಥೆಗಳನ್ನು ಹೇಳುತ್ತಿದ್ದರು. ಅವುಗಳಲ್ಲಿ ಚಂದ್ರಹಾಸನ ಕಥೆಯೆಂದರೆ ನನಗೆ ಬಲು ಪ್ರೀತಿ. ಓಲೆ ತಂದವನಿಗೆ ವಿಷ ಕೊಡು ಎಂದು ದುಷ್ಟಬುದ್ಧಿಯು ಮಗ ಮದನನಿಗೆ ಬರೆದು, ಆ ಓಲೆಯನ್ನು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ದಾರಿಯ ಉಪವನದಲ್ಲಿ ಮಲಗಿದ್ದ ತರುಣನನ್ನು ದುಷ್ಟಬುದ್ಧಿಯ ಮಗಳು ವಿಷಯೆ ಕಂಡು, ಮೋಹಗೊಂಡು, ಓಲೆಯನ್ನು ಬಿಚ್ಚಿ ಓದಿ, ಕಣ್ಣ ಕಾಡಿಗೆಯಿಂದ ‘ವಿಷ’ವನ್ನು ‘ವಿಷಯೆ’ ಎಂದು ತಿದ್ದುತ್ತಾಳೆ. ಮದನನು ಓಲೆಯನ್ನೋದಿ, ತಂಗಿಯನ್ನು ಅವನಿಗೆ ಧಾರೆಯೆರೆದುಕೊಡುತ್ತಾನೆ.

“ಮದನನಿಗೆ ಅನುಮಾನವೇ ಬರಲಿಲ್ಲವೇನಮ್ಮಾ?” ಎಂದು ನಾನು ಕೇಳುತ್ತಿದ್ದೆ.

“ಅಪ್ಪ ಕಳಿಸಿದ ಓಲೆ ಕಣೋ. ಅಪ್ಪನದು ಅಂದಮೇಲೆ ಮುಗೀತಲ್ಲ!” ಎನ್ನುತ್ತಿದ್ದರು.

ಆ ಮದನನು ನಾನೇ ಎಂದು ತಿಳಿಯಲು ನನಗೆ ಐವತ್ತು ವರ್ಷ ತುಂಬಬೇಕಾಯಿತು.

ಗಣಕಯಂತ್ರಗಳಿಗೆ ತಂತ್ರಾಂಶ ಬರೆಯುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ, ಮನೆಮನೆಗೆ ದಿನಸಿ ತಲುಪಿಸುವ ಅಂಗಡಿಯೊಂದಕ್ಕೆ ಜಾಲತಾಣ ಕಟ್ಟಿಕೊಟ್ಟಿದ್ದೆ. ಗ್ರಾಹಕರು ಆರಿಸಿದ ಸಾಮಾನಿನ ಪಟ್ಟಿಯನ್ನು ಗಂಟು ಕಟ್ಟಿ ಅವರವರ ಬ್ರೌಸರಿನಲ್ಲಿಯೇ ಇರಿಸುವುದು, ಅವರು ಮತ್ತೆ ಬಂದಾಗ ಅದನ್ನು ತೆಗೆದುಕೊಂಡು ಬಿಚ್ಚುವುದು, ಇದು ನನ್ನ ಏರ್ಪಾಡು. ಅಂಗಡಿಯ ಯಂತ್ರಕ್ಕೆ ಹೊರೆ ಕಡಿಮೆಯೆಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಈ ಗಂಟು ಕಟ್ಟುವುದಕ್ಕೆ ಸೀರಿಯಲೈಸೇಷನ್ ಎಂದೂ ಬಿಚ್ಚುವುದಕ್ಕೆ ಡಿಸೀರಿಯಲೈಸೇಷನ್ ಎಂದೂ ಹೆಸರು. ಮನೆ ಬದಲಾಯಿಸುವಾಗ ಮಂಚವನ್ನು ಬಿಚ್ಚಿ ಲಾರಿಗೆ ಹೇರಿ, ಹೊಸ ಮನೆಯಲ್ಲಿ ಮತ್ತೆ ಜೋಡಿಸುವುದಿಲ್ಲವೇ? ಹಾಗೆಯೇ ಇದು. ಪೈಥಾನ್ ಭಾಷೆಯಲ್ಲಿ ಇದನ್ನು ಮಾಡುವ ಸಾಧನಕ್ಕೆ ಪಿಕಲ್, ಎಂದರೆ ಉಪ್ಪಿನಕಾಯಿ, ಎಂದು ಹೆಸರಿಟ್ಟಿದ್ದಾರೆ. ಆದರೆ ಈ ಗಂಟಿನಲ್ಲಿರುವುದು ಬರಿಯ ಮರದ ತುಂಡುಗಳಲ್ಲ; ಹೇಗೆ ಜೋಡಿಸಬೇಕೆಂಬ ಅಪ್ಪಣೆಯ ಚೀಟಿಯೂ ಅದರಲ್ಲಿದೆ. ಚೀಟಿಯಲ್ಲಿ ಬರೆದುದನ್ನು ಯಂತ್ರವು ಅಕ್ಷರಶಃ ನಡೆಸುತ್ತದೆ. “ಮೊದಲು ಹಿತ್ತಿಲ ಬಾಗಿಲಿನ ಅಗುಳಿ ತೆಗೆ” ಎಂದಿದ್ದರೆ ಅದನ್ನೂ ನಡೆಸುತ್ತದೆ. ಮಂಚಕ್ಕೂ ಅಗುಳಿಗೂ ಏನು ಸಂಬಂಧವೆಂದು ಕೇಳುವುದಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಒಂದು ದಿನ ನನ್ನ ಮೇಜಿನ ಬಳಿ ಬಂದು, “ಸರ್, ಇದನ್ನು ಯಾರು ಬರೆದದ್ದು?” ಎಂದು ಕೇಳಿದಳು. ನಾನೇ ಎಂದೆ. ಆಕೆಯ ಮುಖ ಸಣ್ಣದಾಯಿತು.

“ಬಿಚ್ಚಿದ ಮೇಲೆ ಪ್ರತಿಯೊಂದು ಸಾಮಾನನ್ನೂ ಪರೀಕ್ಷಿಸುತ್ತೇನಮ್ಮಾ,” ಎಂದೆ, ಕೊಂಚ ಬಿಗುಮಾನದಿಂದಲೇ.

“ಬಿಚ್ಚಿದ ಮೇಲೆ ತಾನೇ ಸರ್? ಬಿಚ್ಚುವಾಗಲೇ ಕೆಲಸ ನಡೆದುಹೋಗಿರುತ್ತದೆ.”

ಪರೀಕ್ಷೆಗೆಂದು ಇಟ್ಟಿದ್ದ ಯಂತ್ರದ ಮೇಲೆ ಆಕೆ ತೋರಿಸಿದಳು. ಅಕ್ಕಿ ಬೇಳೆಗಳ ಗಂಟಿನ ಬದಲು ತಾನು ಕಟ್ಟಿದ ಗಂಟನ್ನು ಕಳುಹಿಸಿದಳು. ನನ್ನ ತಂತ್ರಾಂಶವು ಅದನ್ನು ಆದರದಿಂದ ಬರಮಾಡಿಕೊಂಡು, ಆಕೆಯ ಅಪ್ಪಣೆಯಂತೆ ಯಂತ್ರದೊಳಗೆ ಹೊಸ ಕಡತವೊಂದನ್ನು ಸೃಷ್ಟಿಸಿತು. ಕಡತದ ಬದಲು ಗ್ರಾಹಕರ ಪಟ್ಟಿಯನ್ನೇ ಕೇಳಿದ್ದರೂ ಕೊಡುತ್ತಿತ್ತು.

ಆ ಪಟ್ಟಿಯಲ್ಲಿ ನನ್ನ ತಾಯಿಯವರ ಹೆಸರಿತ್ತು. ಅದರ ಮುಂದೆ, “ಮನೆಯಲ್ಲಿ ಒಬ್ಬರೇ ಇರುತ್ತಾರೆ, ಬಾಗಿಲು ತೆರೆಯುವುದು ತಡವಾಗುತ್ತದೆ” ಎಂದು ನಾನೇ ಬರೆಸಿದ್ದೆ.

ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ನಂಬಿಕೆಯಿಲ್ಲದ ಕಡೆಯಿಂದ ಬಂದ ಪಿಕಲನ್ನು ಬಿಚ್ಚಬೇಡಿರೆಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ. ಓದಿದ್ದೆ. ಆದರೆ ಗಂಟು ಕಟ್ಟಿದವನು ನಾನೇ ಅಲ್ಲವೇ, ನನ್ನದೇ ನನಗೆ ಮರಳಿ ಬರುತ್ತಿದೆ ಎಂಬ ಧೈರ್ಯ! ದಾರಿಯಲ್ಲಿ ಉಪವನವಿದೆಯೆಂಬುದನ್ನು ಮರೆತಿದ್ದೆ. ವಿಷಯೆ ತಿದ್ದಿದ್ದು ಒಂದು ಪ್ರಾಣವನ್ನು ಉಳಿಸಿತು. ಎಲ್ಲರ ಕಾಡಿಗೆಯೂ ಅಂಥದಲ್ಲ.

ಎಡವಿದವನು ನಾನೊಬ್ಬನೇ ಅಲ್ಲ. ಜಾವಾ ಭಾಷೆಗೆ 1997ರಲ್ಲಿ ಇಂಥದೇ ಸೌಕರ್ಯ ಬಂದಿತ್ತು. ಅನೇಕರು ಬಳಸುವ ಕಾಮನ್ಸ್ ಕಲೆಕ್ಷನ್ಸ್ ಎಂಬ ಸಂಗ್ರಹದಲ್ಲಿ ಆಗಲೇ ಇರುವ ಭಾಗಗಳನ್ನು ಪೋಣಿಸಿಯೇ ಯಂತ್ರವನ್ನು ವಶಮಾಡಿಕೊಳ್ಳಬಹುದೆಂದು ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಎಂಬುವರು 2015ರಲ್ಲಿ ತೋರಿಸಿಕೊಟ್ಟರು. ಕಳ್ಳನು ಕತ್ತಿ ತರಬೇಕಾಗಿಲ್ಲ. ಅಡಿಗೆಮನೆಯ ಈಳಿಗೆಮಣೆಯೇ ಸಾಕು. ಗಂಟಿಗೆ ಗುಟ್ಟಿನ ಮುದ್ರೆಯೊತ್ತಿ, ಬಿಚ್ಚುವ ಮೊದಲು ಮುದ್ರೆಯನ್ನು ಪರೀಕ್ಷಿಸುವುದು ಒಂದು ಉಪಾಯ. ಆದರೆ 2025ರ ಜುಲೈ ತಿಂಗಳಲ್ಲಿ, ಮೈಕ್ರೋಸಾಫ್ಟಿನ ಶೇರ್‌ಪಾಯಿಂಟ್ ತಂತ್ರಾಂಶವನ್ನು ತಮ್ಮದೇ ಯಂತ್ರಗಳಲ್ಲಿ ನಡೆಸುತ್ತಿದ್ದ ಸಂಸ್ಥೆಗಳ ಮೇಲೆ ಇದೇ ಬಗೆಯ ದಾಳಿಯಾದಾಗ, ಕಳ್ಳರು ಆ ಮುದ್ರೆಯನ್ನೇ ಕದ್ದೊಯ್ದರು. ತೂತು ಮುಚ್ಚಿದರಷ್ಟೇ ಸಾಲದು, ಮುದ್ರೆಯನ್ನೂ ಬದಲಾಯಿಸಬೇಕೆಂದು ಹೇಳಬೇಕಾಯಿತು.

ನಾವು ಗಂಟಿನ ಗೊಡವೆಯನ್ನೇ ಬಿಟ್ಟೆವು. ಪಟ್ಟಿ ಈಗ ಅಂಗಡಿಯ ಯಂತ್ರದಲ್ಲಿಯೇ ಇರುತ್ತದೆ. ದೇವಸ್ಥಾನದ ಮುಂದೆ ಚಪ್ಪಲಿ ಕಾಯುವವನು ಬಿಲ್ಲೆ ಕೊಡುವಂತೆ, ಗ್ರಾಹಕರಿಗೆ ಯಾರೂ ಊಹಿಸಲಾರದ ಉದ್ದನೆಯ ಸಂಖ್ಯೆಯೊಂದನ್ನು ಮಾತ್ರ ಕೊಡುತ್ತೇವೆ. ಬಿಲ್ಲೆಯನ್ನು ತಿದ್ದಿದರೆ ಚಪ್ಪಲಿ ಸಿಗುವುದಿಲ್ಲ, ಅಷ್ಟೆ. ಅದು ಯಾರಿಗೂ ಅಪ್ಪಣೆ ಮಾಡಲಾರದು. ಅಂಗಡಿಯವರಿಗೂ ನಡೆದುದನ್ನು ಮುಚ್ಚಿಡದೆ ತಿಳಿಸಿದೆ. ಹಳೆಯ ದಾಖಲೆಗಳನ್ನು ಮೂರು ದಿನ ಜಾಲಾಡಿದೆವು. ಕಳ್ಳ ಬಂದ ಸುಳಿವು ಸಿಗಲಿಲ್ಲ. ಆದರೆ ಉಳಿದಿದ್ದುದು ಒಂದೇ ವರ್ಷದ ದಾಖಲೆ. ಅದರ ಹಿಂದಿನ ಮಾತನ್ನು ನಾನು ಆಣೆಯಿಟ್ಟು ಹೇಳಲಾರೆ.

ಆ ಭಾನುವಾರ ತಾಯಿಯವರ ಮನೆಗೆ ಹೋಗಿ ಬಾಗಿಲು ತಟ್ಟಿದೆ. “ಯಾರದು?” ಎಂದರು. “ನಾನಮ್ಮಾ,” ಎಂದೆ. ಆದರೂ ಅವರು ಮೆಲ್ಲಗೆ ಕಿಟಕಿಯ ಬಳಿ ಬಂದು, ಕನ್ನಡಕ ಸರಿಪಡಿಸಿಕೊಂಡು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಆಮೇಲೆ ಅಗುಳಿ ತೆಗೆದರು. ಮಗನ ದನಿಯನ್ನೂ ನಂಬಬಾರದೇ ಎಂದು ಹಿಂದೆಲ್ಲಾ ನಾನು ರೇಗುತ್ತಿದ್ದುದುಂಟು. ಅಂದು ಮಾತ್ರ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದೆ.