ಸೋತವನ ಚೀಲ

ಆಟವೊಂದನ್ನು ಇಟ್ಟುಕೊಂಡು ಬರೆದ ಕಾದಂಬರಿಗೆ ಎರಡು ಥರದ ಓದುಗರು ಸಿಗ್ತಾರೆ. ಆಟ ಆಡಿ ಬಂದವರು, ಆಡದೇ ಬಂದವರು. ಆಡಿ ಬಂದವರು ಪುಸ್ತಕವನ್ನು ಅಂಪೈರ್ ಥರ ಓದ್ತಾರೆ: ಇದು ಔಟು, ಇದು ನೋಬಾಲು, ಇದು ನಿಯಮದಲ್ಲೇ ಇಲ್ಲ. ಆಡದೇ ಬಂದವರು ಇಪ್ಪತ್ತನೇ ಪುಟಕ್ಕೆ 'ಏನಪ್ಪಾ ಇದೆಲ್ಲ' ಅಂತ ಪುಸ್ತಕ ಕೆಳಗಿಟ್ಟು ಫೋನ್ ತಗೋತಾರೆ. ನಮ್ಮ ಆಫೀಸಿನಲ್ಲಿ ಶುಕ್ರವಾರ ಸಂಜೆ ಕಾರ್ಡ್ ಆಡೋ ನಾಲ್ಕು ಜನರ ಗುಂಪಿದೆ, ಅದಕ್ಕೆ ಇತ್ತೀಚೆಗೆ ಸೇರಿದ ಐದನೆಯವ ನಾನು. ಅಲ್ಲಿ ಒಂದು ಹಳೇ ಇಂಗ್ಲಿಷ್ ಕಾದಂಬರಿ ಕೈಯಿಂದ ಕೈಗೆ ಓಡಾಡಿದಾಗ ಈ ಎರಡೂ ಥರದವರನ್ನು ಒಂದೇ ಟೇಬಲ್ಲಿನಲ್ಲಿ ನೋಡಿದೆ. ಮೂರನೇ ಥರದವರೂ ಇದ್ದಾರೆ ಅಂತ ಗೊತ್ತಾಗಿದ್ದು ಆಮೇಲೆ, ಊರಿನಲ್ಲಿ.

ಕಾದಂಬರಿಯ ಹೆಸರು 'ಅರೀನಾ'. ಬರೆದವರು ವಿಲಿಯಂ ಫೋರ್ಸ್ಚೆನ್, ಬಂದದ್ದು 1994ರಲ್ಲಿ. ಅದರ ಹಿಂದಿನ ವರ್ಷವಷ್ಟೇ 'ಮ್ಯಾಜಿಕ್: ದ ಗ್ಯಾದರಿಂಗ್' ಅನ್ನೋ ಕಾರ್ಡ್ ಆಟ ಮಾರುಕಟ್ಟೆಗೆ ಬಂದಿತ್ತು. ಅದನ್ನು ಮಾಡಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಆಟದಲ್ಲಿ ನೀವೊಬ್ಬ ಮಂತ್ರವಾದಿ, ನಿಮ್ಮ ಕೈಯಲ್ಲಿರೋ ಎಲೆಗಳೇ ನಿಮ್ಮ ಮಂತ್ರಗಳು. ಒಂದೊಂದು ಎಲೆಗೂ ಒಂದೊಂದು ಚಿತ್ರ: ಡ್ರ್ಯಾಗನ್ನು, ಕರಡಿ, ಬೆಂಕಿ, ಶಾಪ. ಈ ಆಟದ ಮೇಲೆ ಬಂದ ಮೊದಲ ಕಾದಂಬರಿ ಇದು. ಒಕ್ಕಣ್ಣ ಗಾರ್ತ್ ಅನ್ನೋನು ಒಂದು ಪಟ್ಟಣಕ್ಕೆ ಬರ್ತಾನೆ. ಅಲ್ಲಿ ನಾಲ್ಕು ಮನೆತನಗಳು, ವರ್ಷಕ್ಕೊಂದು ಉತ್ಸವ, ಉತ್ಸವದಲ್ಲಿ ಮಂತ್ರವಾದಿಗಳ ಕುಸ್ತಿ. ಒಂದು ಕಾಲಕ್ಕೆ ಮನೆತನಗಳು ಐದಿದ್ದವು, ಒಂದನ್ನು ನಾಶ ಮಾಡಿದಾರೆ. ಇವನು ಅದರಲ್ಲಿ ಉಳಿದವನು. ಮುಂದಿನದು ನಿಮಗೆ ಗೊತ್ತೇ ಇದೆ, ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ಹೇಳಬೇಕಾ?

ಪುಸ್ತಕದ ಜೊತೆ ಒಂದು ಕೂಪನ್ ಇತ್ತಂತೆ, ಕತ್ತರಿಸಿ ಅಂಚೆಗೆ ಹಾಕಿದರೆ ಒಂದು ಕಾರ್ಡ್ ಕಳಿಸ್ತಿದ್ದರು. ನಮಗೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಪ್ರತಿಯಲ್ಲಿ ಅದನ್ನು ಯಾರೋ ಮೊದಲೇ ಕತ್ತರಿಸಿದ್ದರು. ಹಿಂದೆ ಓದಿದವರ ಅಭಿಪ್ರಾಯ ಅಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ಸಿಗಲ್ಲ.

ಇನ್ನು ನಮ್ಮ ಟೇಬಲ್ಲಿನವರದ್ದು. ಗುಂಪಿನಲ್ಲಿ ಅತಿ ಹಳೇ ಆಟಗಾರನಿಗೆ ಬಣ್ಣದ ತಕರಾರು. ಆಟದಲ್ಲಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಬಣ್ಣ, ಪುಸ್ತಕದ ಮನೆತನಗಳಿಗೋ ಬೂದು, ಕಂದು, ನೇರಳೆ, ಕಿತ್ತಳೆ. "ಆಟ ಆಡದೇ ಬರೆದಿದಾರೆ" ಅಂತ ಅವನ ತೀರ್ಪು. ಫ್ಯಾಂಟಸಿ ತುಂಬಾ ಓದೋ ಇನ್ನೊಬ್ಬಳಿಗೆ ಇದು ಕುರೊಸಾವಾನ 'ಯೊಜಿಂಬೊ'. ಊರಿಲ್ಲದ ಒಬ್ಬ ಬಂದು ಎರಡು ಬಣಗಳ ನಡುವೆ ಕಡ್ಡಿ ಗೀರಿ ಕೂರೋ ಅದೇ ಕಥೆ. ಅದು ಸರಿಯಾದ ಮಾತು. ನನಗನ್ನಿಸಿದ್ದು: ಭಾಷೆ ಸಪ್ಪೆ, ಜಗಳಗಳು ಹೆಚ್ಚು, ಆದರೆ ರಾತ್ರಿ ಎರಡರವರೆಗೂ ಕೆಳಗಿಡಕ್ಕಾಗಲಿಲ್ಲ. ಕಾರಣ ಗಾರ್ತ್ ಅಲ್ಲ, ಚೀಲ.

ಪುಸ್ತಕದಲ್ಲಿ ಪ್ರತಿ ಮಂತ್ರವಾದಿಯ ಹೆಗಲಿಗೂ ಒಂದು ಚೀಲ ಇರುತ್ತೆ, ಮಂತ್ರಗಳು ಅದರೊಳಗೆ. ಜಗಳದಲ್ಲಿ ಸೋತವನು ಚೀಲ ಬಿಚ್ಚಬೇಕು. ಗೆದ್ದವನು ಅದರಿಂದ ತನಗೆ ಬೇಕಾದ ಒಂದು ಮಂತ್ರ ಆರಿಸಿಕೊಂಡು ಹೋಗ್ತಾನೆ. ಇದು ಕಥೆಗಾರ ಕಟ್ಟಿದ್ದಲ್ಲ. ಆಟದ ಮೊದಮೊದಲ ನಿಯಮದಲ್ಲೇ ಇತ್ತು: ಶುರುವಿಗೆ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಎಲೆಯನ್ನು ಕಣ್ಣುಮುಚ್ಚಿ ತೆಗೆದು ಪಕ್ಕಕ್ಕಿಡಬೇಕು, ಗೆದ್ದವನಿಗೆ ಎರಡೂ. ಕೊನೆಗೆ ವಾಪಸ್ ಕೊಡೋದಿಲ್ಲ, ನಿಜವಾಗಿಯೂ ಅವನದೇ. ಜೂಜು ಅನ್ನಿಸಿಕೊಳ್ಳೋ ಭಯವೂ ಇತ್ತು, ಆಡೋರಿಗೂ ಹಿಡಿಸಲಿಲ್ಲ, ಹಾಗಾಗಿ ನಿಯಮ ಹೋಯ್ತು. ಪಣಕ್ಕೆ ಸಂಬಂಧಪಟ್ಟ ಎಲೆಗಳನ್ನೇ ಪಂದ್ಯಗಳಲ್ಲಿ ನಿಷೇಧಿಸಿದರು. ಆಟದಲ್ಲಿ ಸತ್ತದ್ದು ಕಾದಂಬರಿಯಲ್ಲಿ ಉಳಕೊಂಡಿದೆ. ಈಗ ಓದೋ ಹೊಸ ಹುಡುಗರಿಗೆ ಈ ಚೀಲ ಬಿಚ್ಚೋ ಭಾಗ ಬರೀ ನಾಟಕ, ಹಳಬರಿಗೆ ಹೊಟ್ಟೆ ಚುರ್ ಅನ್ನುತ್ತೆ.

ಓದುಗರ ಮಾತಿಗೆ ಈ ಲೋಕದಲ್ಲಿ ತೂಕ ಕಮ್ಮಿಯೇನಲ್ಲ. 2019ರಲ್ಲಿ ಇದೇ ಆಟದ ಮೇಲೆ ಬಂದ ಗ್ರೆಗ್ ವೈಸ್ಮನ್ನರ ಕಾದಂಬರಿಯಲ್ಲಿ, ವರ್ಷಗಟ್ಟಲೆ ಸೂಚ್ಯವಾಗಿ ಬೆಳೆಸಿದ್ದ ಇಬ್ಬರು ಹೆಣ್ಣುಮಕ್ಕಳ ಪ್ರೀತಿಯನ್ನು ನಾಲ್ಕು ಸಾಲಲ್ಲಿ ಒರೆಸಿಹಾಕಿದರು ಅಂತ ಓದುಗರು ಸಿಟ್ಟಾಗಿ, ಕೊನೆಗೆ ಆಟದ ಕಂಪನಿಯೇ ಕ್ಷಮೆ ಕೇಳಿತು. ಒಕ್ಕಣ್ಣ ಗಾರ್ತ್‌ನದ್ದು ಇದಕ್ಕೆ ಉಲ್ಟಾ. ಕಾದಂಬರಿ ಬಂದು 27 ವರ್ಷವಾದ ಮೇಲೆ, 2021ರಲ್ಲಿ, ಅವನ ಹೆಸರಿನದ್ದೇ ಒಂದು ಕಾರ್ಡ್ ಬಂತು. ಹಳಬರು ಮರೆತಿರಲಿಲ್ಲ.

ಓದುಗರ ಅಭಿಪ್ರಾಯ ಅನ್ನೋದು ನಮ್ಮ ಕಡೆಯವರಿಗೂ ಹೊಸದಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಬೀಳ್ತಾನೆ. ಆ ಒಂದು ಸಾಲಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಚಾ ಹೋಟ್ಲುಗಳಲ್ಲಿ ವಾರಗಟ್ಟಲೆ ಅರ್ಥ ಹಚ್ಚೋ ಕೆಲಸ. ಮಳೆ ಅಂತ ಒಬ್ಬ, ಎಲೆಕ್ಷನ್ನು ಅಂತ ಇನ್ನೊಬ್ಬ, ಮೆಕ್ಕೆಜೋಳದ ರೇಟು ಅಂತ ಮತ್ತೊಬ್ಬ. (ಹರಪನಹಳ್ಳಿಯವರಿಗೆ ಅರ್ಥ ಹಚ್ಚೋದರ ಜೊತೆ ತಾವು ಯಾವ ಜಿಲ್ಲೆ ಅಂತಲೂ ನೆನಪಿಟ್ಟುಕೊಳ್ಳೋ ಕಷ್ಟ. ಬಳ್ಳಾರಿಯಿಂದ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಇಸ್ಪೀಟ್ ಎಲೆ ಕಲಸಿದಂಗೆ ಕಲಸಿದಾರೆ.)

ಇಸ್ಪೀಟ್ ಅಂದೆನಲ್ಲ. ನಮ್ಮೂರಲ್ಲಿ ಕಾರ್ಡ್ ಆಟ ಅಂದ್ರೆ ಬೋರ್ಡ್‌ಗೇಮ್ ಕೆಫೆಯ ತಂಪು ಕಾಫಿ ಅಲ್ಲ. ಅಂದರ್‌ಬಾಹರ್. ಜಾಲಿ ಗಿಡದ ಕೆಳಗೊಂದು ಟವೆಲ್, ಅದರ ಮೇಲೆ ನೋಟು, ದಾರಿಗೊಬ್ಬ ಪೊಲೀಸ್ ಬಂದ್ರೆ ಸಿಳ್ಳೆ ಹಾಕೋ ಹುಡುಗ. ಪೇಪರಿನ ಒಳಪುಟದಲ್ಲಿ 'ಇಸ್ಪೀಟ್ ಅಡ್ಡೆ ಮೇಲೆ ದಾಳಿ', ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ. ಆಡೋರು ಒಂದು ತಾಲೂಕಿನಲ್ಲಿ ಗಲಾಟೆಯಾದರೆ ಹೊಲ ದಾಟಿ ಇನ್ನೊಂದು ತಾಲೂಕಿನ ಠಾಣೆ ಸರಹದ್ದಿಗೆ ಟವೆಲ್ ಎತ್ತಿಕೊಂಡು ಹೋಗ್ತಿದ್ದರು.

ನಮ್ಮ ಚಿಗಪ್ಪ ಅಂಥವರಲ್ಲೊಬ್ಬ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದೀಪಾವಳಿಗೆ ಶೇಂಗಾ ಮಾರಿದ ದುಡ್ಡು ಹೋಯ್ತು, ಅದನ್ನು ವಾಪಸ್ ತರಕ್ಕೆ ಅಂತ ಕೂತು ಜೋಡೆತ್ತು ಹೋದವು. ಚಿಗವ್ವ ಬೇರೆಯವರ ಹೊಲಕ್ಕೆ ಕೂಲಿ ಹೋದಳು. ನನ್ನ ವಾರಿಗೆಯ ಅವರ ಮಗ ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಸಪೇಟೆಗೆ ಲಾರಿ ಕ್ಲೀನರ್ ಆಗಿ ಹೋದ. ಗಣಿತದಲ್ಲಿ ನನಗಿಂತ ಚುರುಕಿದ್ದ. ನಾನು ದಾವಣಗೆರೆಗೆ ಬಿಇ ಮಾಡಕ್ಕೆ ಹೋದೆ. ನಮ್ಮನೆಯಲ್ಲಿ ಈ ವಿಷಯ ಯಾರೂ ಎತ್ತಲ್ಲ. ಚಿಗಪ್ಪ ಆವತ್ತಿಂದ ಎಲೆ ಮುಟ್ಟಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬ್ಯಾಗಿನಲ್ಲಿ 'ಅರೀನಾ' ಇತ್ತು. ರಾತ್ರಿ ಕರೆಂಟ್ ಹೋಗಿ ಎಲ್ಲರೂ ಪಡಸಾಲೆಯಲ್ಲಿ ಕೂತಾಗ, ಪುಸ್ತಕದ ರಟ್ಟು ನೋಡಿ ಅವ್ವ "ಏನ್ ಕಥಿ ಅದು?" ಅಂದಳು. ಹೇಳಿದೆ. ಕಾರ್ಡಿನ ಸುದ್ದಿ ಎತ್ತಲಿಲ್ಲ, ಮಂತ್ರವಾದಿಗಳ ಕಥೆ ಅಂತಷ್ಟೇ ಹೇಳಿದೆ. ಮಂತ್ರ, ಚೀಲ, ಉತ್ಸವ, ಒಕ್ಕಣ್ಣ. ಹೇಳ್ತಾ ಹೋದಂಗೆ ಗಾರ್ತ್ ನಮ್ಮ ಕಡೆ ಮನುಷ್ಯನ ಥರ ಮಾತಾಡಕ್ಕೆ ಶುರು ಮಾಡಿದ, ಅದಿರಲಿ.

ಅವ್ವ ಕೇಳಿದ್ದು: "ಜನ ಬಾಜಿ ಕಟ್ತಾರ, ಇವರು ಹೊಡೆದಾಡಿ ಸಾಯ್ತಾರ, ಆಡ್ಸೋನು ಏನ್ ಸೋಲ್ತಾನ?" ಅಖಾಡದ ಒಡೆಯ ಏನೂ ಸೋಲಲ್ಲ ಅಂದೆ. "ಹಂಗಾರ ಕಥಿ ಖರೇ ಐತಿ ಬಿಡು" ಅಂದಳು. ನಮ್ಮ ಟೇಬಲ್ಲಿನ ಐದೂ ಜನಕ್ಕೆ ಹೊಳೆಯದ ಮಾತು ಅದು. ಪುಸ್ತಕದ ಬೆನ್ನೆಲುಬೇ ಆ ಒಡೆಯನ ಲೆಕ್ಕಾಚಾರ, ನಾವು ಬಣ್ಣ ಎಣಿಸ್ತಾ ಕೂತಿದ್ವಿ.

ಚಿಗಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಲ್ಲಪಾ, ಚೀಲ ಬಿಚ್ಚಿ ಕೊಟ್ಟೋನು ಮನೀಗೆ ಹೋಗಿ ಏನಂದ?" ಅಂತ ಕೇಳಿದ. ಕಾರ್ಡಿನ ಕಥೆ ಅಂತ ಯಾರೂ ಹೇಳದೇನೇ ಅವನಿಗೆ ಗೊತ್ತಾಗಿತ್ತು. ಚಿಗವ್ವ ಎದ್ದು ಒಳಗೆ ಹೋದಳು.

ಈ ಪ್ರಶ್ನೆಗೆ ನಮ್ಮ ಕಡೆ ವಯಸ್ಸಾಗಿದೆ. ದೊಡ್ಡಾಟದಲ್ಲಿ ದ್ರೌಪದಿ ವಸ್ತ್ರಾಪಹರಣ ಕಟ್ಟಿದಾಗ ಬೆಳಗಿನ ಜಾವ ಬರೋ ಪ್ರಶ್ನೆ ಅದೇ ಜಾತಿಯದ್ದು. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡೋ ಹಕ್ಕು ಎಲ್ಲಿತ್ತು? ನೋಡಿ, ಇದು ಅಳು ಅಲ್ಲ, ನಿಯಮದ ತಕರಾರು. ನಮ್ಮ ಹಳೇ ಆಟಗಾರನ ಬಣ್ಣದ ತಕರಾರಿನ ಥರದ್ದೇ, ಆದರೆ ಇಲ್ಲಿ ಪಣದಲ್ಲಿರೋದು ಕೇಳ್ತಿರೋಳೇ. ಭೀಷ್ಮ ಧರ್ಮ ಸೂಕ್ಷ್ಮ ಅಂತ ಜಾರಿಕೊಂಡ. ಕೌರವರಲ್ಲಿ ವಿಕರ್ಣ ಒಬ್ಬ ಅವಳ ಮಾತು ಸರಿ ಅಂದ. ದೊಡ್ಡಾಟ ಮುಗಿದ ಮರುದಿನ ನಮ್ಮಜ್ಜ ಕಟ್ಟೆ ಮೇಲೆ ಕೂತು ವಿಕರ್ಣನ ಪಾರ್ಟಿನವನನ್ನು ಕರೆದು ಚಾ ಕುಡಿಸ್ತಿದ್ದ. ಅದು ಅವನ ವಿಮರ್ಶೆ.

ಕಥೆ ಮೊದಲೋ ಆಟ ಮೊದಲೋ ಅನ್ನೋದರಲ್ಲೂ ಒಂದು ವ್ಯತ್ಯಾಸವಿದೆ ಅನ್ನಿಸುತ್ತೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಎಲೆಯಾಟದ ಹುಚ್ಚಿನವರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಚದ ಅನ್ನೋ ಎಲೆಯಾಟಗಳ ವಿವರ ಇದೆ. ದೇವರು, ಪುರಾಣದವರು ಎಲ್ಲ ಎಲೆ ಮೇಲೆ. ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಹಗಲಲ್ಲಿ ಆಡಿದ್ರೆ ರಾಮನ ಎಲೆ ಇದ್ದವನು ಶುರು ಮಾಡಬೇಕು, ರಾತ್ರಿಯಾದ್ರೆ ಕೃಷ್ಣನ ಎಲೆ ಇದ್ದವನು. ಅಲ್ಲಿ ಕಥೆ ಎಲ್ಲರಿಗೂ ಗೊತ್ತಿತ್ತು, ಆಟ ಕಲಿಯಬೇಕಿತ್ತು ಅಷ್ಟೆ. 'ಅರೀನಾ' ಬಂದಾಗ ಆಟ ಗೊತ್ತಿತ್ತು, ಕಥೆ ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ. ಫೋರ್ಸ್ಚೆನ್ ಸಾಹೇಬರು ಇರೋ ಒಂದು ನಿಯಮ ಹಿಡಕೊಂಡು ಅದರಿಂದ ಜನರನ್ನು ಹುಟ್ಟಿಸಿದರು. ಬಣ್ಣ ತಪ್ಪಿದ್ದು ನಿಜ. ಸರಿಯಾದ ನಿಯಮವನ್ನೇ ಹಿಡಿದರು ಅಂತ ನಾನು ಈಗಲೂ ವಾದ ಮಾಡ್ತೀನಿ.

ವಾದ ಮಾಡಿದೆ ಕೂಡ. ಬೆಂಗಳೂರಿಗೆ ವಾಪಸ್ ಬಂದ ಶುಕ್ರವಾರ ಟೇಬಲ್ಲಿನಲ್ಲಿ ಚಿಗಪ್ಪನ ಪ್ರಶ್ನೆ ಇಟ್ಟೆ. ಎಲ್ಲರೂ ನಕ್ಕರು, ಚೆನ್ನಾಗಿದೆ ಅಂದರು. "ಹಾಗಾದ್ರೆ ಒಂದು ಆಟ ಹಳೇ ನಿಯಮದಲ್ಲೇ ಆಡೋಣ, ಪುಸ್ತಕ ಓದಿದಂಗೆ" ಅಂತ ಹಳೇ ಆಟಗಾರನೇ ಹೇಳಿದ. ಅವನೂ ನಾನೂ ಕೂತ್ವಿ. ಕಟ್ಟು ಕಲಸಿ, ಕಣ್ಣುಮುಚ್ಚಿ ನಾನೊಂದು ಎಲೆ ತೆಗೆದಿಟ್ಟೆ, ಹತ್ತು ರೂಪಾಯಿಗೂ ಯಾರೂ ಕೇಳದ ಗಾಬ್ಲಿನ್. ಅವನು ತೆಗೆದದ್ದು ಅವನ ಕಟ್ಟಿನ ರಾಜ, ಏಳು ಸಾವಿರದ್ದು, ಅಮೆರಿಕದಲ್ಲಿರೋ ತಮ್ಮ ಕಳಿಸಿದ್ದು. ಅದನ್ನೇ ನೋಡ್ತಾ ಕೂತ. ಸಂಬಳ ಲಕ್ಷದ ಮೇಲಿರೋ ಮನುಷ್ಯ, ಏಳು ಸಾವಿರ ಅವನಿಗೆ ಲೆಕ್ಕಕ್ಕಿಲ್ಲ. "ಬೇಡ ಮಾರಾಯಾ, ಇದು ತಮ್ಮ ಕೊಟ್ಟಿದ್ದು" ಅಂತ ವಾಪಸ್ ಕಟ್ಟಿಗೆ ಸೇರಿಸಿದ. ಯಾರೂ ನಗಲಿಲ್ಲ. ಎದ್ದು ಹೋಗುವಾಗ ಪುಸ್ತಕ ಮತ್ತೊಂದು ಸಲ ಓದ್ತೀನಿ ಅಂತ ತಗೊಂಡು ಹೋದ.

ಇದನ್ನೆಲ್ಲ ಭಾನುವಾರ ಫೋನಿನಲ್ಲಿ ಅವ್ವನಿಗೆ ಹೇಳ್ತಿದ್ದೆ. ಸ್ಪೀಕರಿನಲ್ಲಿತ್ತು ಅಂತ ಕಾಣುತ್ತೆ, ಚಿಗಪ್ಪನ ದನಿ ನಡುವೆ ಬಂತು.

"ತಮ್ಮಾ, ಆ ಕಥಿಯೊಳಗ ಒಂದು ಸರಿ ಇಲ್ಲ ನೋಡು."

"ಏನ್ ಚಿಗಪ್ಪ?"

"ಗೆದ್ದೋನ ಕೈಗೆ ಬಂದ ಕೂಡ್ಲೆ ಆ ಮಂತ್ರ ಅವನ ಮಾತು ಕೇಳ್ತೈತಿ ಅಂದೆಲ್ಲ, ಹಂಗಾಗಂಗಿಲ್ಲ. ನಮ್ಮೆತ್ತು ಅವನು ಹೊಡಕೊಂಡು ಹೋದಮ್ಯಾಲೂ ಮೂರು ತಿಂಗಳು ಸಂಜಿಗೆ ಹೊಲದಿಂದ ಬರುವಾಗ ನಮ್ಮ ಮನಿ ಮುಂದ ಬಂದು ನಿಲ್ತಿದ್ವು. ಅವನು ಬಾರುಕೋಲು ತಗೊಂಡು ಹೊಡಿಯೋನು. ನಿಮ್ಮ ಚಿಗವ್ವ ಬಾಗಲಾ ಹಾಕ್ಕೊಳ್ಳಾಕಿ."